ಹೊಟ್ಟೆಯ ಚೆಂದ, ಕುತ್ತಿಗೆಯ ಗುಣ

ಪಿಯುಸಿ ಫಲಿತಾಂಶ ಬಂದಾಗಿದೆ, ಮಕ್ಕಳಿಗೆ ಗಿಟಾರ್ ಕೊಡಿಸುವ ಮಾತು ಕೊಟ್ಟ ಅಪ್ಪ ಅಮ್ಮಂದಿರು ಮಾತು ಉಳಿಸಿಕೊಳ್ಳುವ ಹೊತ್ತು ಇದು. ದಾವಣಗೆರೆಯ ಎಂ.ಸಿ.ಸಿ. ‘ಎ’ ಬ್ಲಾಕು, ‘ಬಿ’ ಬ್ಲಾಕುಗಳಲ್ಲಿ ಈ ಅಂಕಣ ಓದುವ ಮನೆಗಳಿಂದ ಒಂದೇ ಪ್ರಶ್ನೆ ನಾನಾ ರೂಪದಲ್ಲಿ ಬರುತ್ತಿದೆ. ಒಂದೇ ಕಂಪನಿಯ ಎರಡು ಎಲೆಕ್ಟ್ರಿಕ್ ಗಿಟಾರ್. ಒಂದಕ್ಕೆ ಸಾದಾ ಕಪ್ಪು ಬಣ್ಣ. ಇನ್ನೊಂದರ ಮೈಮೇಲೆ ಹುಲಿಪಟ್ಟೆ ಎದ್ದು ಕಾಣುವ ಮೇಪಲ್, ಬೆಲೆಯಲ್ಲಿ ನಾಲ್ಕೈದು ಸಾವಿರ ಹೆಚ್ಚು. ಹೆಚ್ಚು ಕೊಟ್ಟರೆ ಸದ್ದೂ ಹೆಚ್ಚು ಚೆನ್ನಾಗಿರುತ್ತದೆಯೇ?

ಇರುವುದಿಲ್ಲ. ಆದರೂ ಹುಡುಗನಿಗೆ ಆ ಪಟ್ಟೆಯ ಗಿಟಾರೇ ಬೇಕೆನಿಸಿದರೆ ಅದನ್ನೇ ಕೊಡಿಸಿ ಎನ್ನುವುದು ನನ್ನ ಉತ್ತರ. ಅದಕ್ಕೊಂದು ಷರತ್ತಿದೆ, ಅದನ್ನು ಆಮೇಲೆ ಹೇಳುತ್ತೇನೆ.

ದನಿಯನ್ನು ನಿರ್ಧರಿಸುವುದು ಮರವೇ ಎನ್ನುವ ‘ಟೋನ್‌ವುಡ್’ ಪಂಥದವರ ಜೊತೆ ನನ್ನ ಜಗಳ ಹಳೆಯದು. ಅಕೂಸ್ಟಿಕ್ ಗಿಟಾರಿನಲ್ಲಿ ಮೇಲ್ಹಲಗೆಯೇ ಧ್ವನಿಯನ್ನು ಹೊರಡಿಸುವುದರಿಂದ ಅಲ್ಲಿ ಮರದ ಮಾತಿಗೆ ತೂಕವಿದೆ. ಅದೇ ಮಾತನ್ನು ಇವರು ಎಲೆಕ್ಟ್ರಿಕ್ ಗಿಟಾರಿನ ಗಟ್ಟಿ ಹಲಗೆಗೂ ತಂದು ಅಂಟಿಸಿದರು. ಮಹಾಗನಿ ಎಂದರೆ ಬೆಚ್ಚನೆಯ ದನಿ, ಮೇಪಲ್ ಎಂದರೆ ಚೂಪು ದನಿ, ಆಲ್ಡರ್ ಎಂದರೆ ಹದ ಎಂದು ಮಂತ್ರದಂತೆ ಹೇಳಿಕೊಂಡು ಬಂದು, ಕೊನೆಗೆ ಪಟ್ಟೆ ದಟ್ಟವಾದಷ್ಟೂ ನಾದ ದಟ್ಟ ಎನ್ನುವಲ್ಲಿಗೆ ಮುಟ್ಟಿದರು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗೆ ಕೇಳಿಸುವುದು ಅಯಸ್ಕಾಂತದ ಮೇಲೆ ಅಲುಗುವ ಉಕ್ಕಿನ ತಂತಿ. ಮೇಲಿನ ಹಲಗೆಯಲ್ಲಿ ಪಟ್ಟೆ ಇದೆಯೋ ಗಂಟು ಇದೆಯೋ ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಅಕೂಸ್ಟಿಕ್‌ನಲ್ಲೂ ಈ ಮಾತು ಎಷ್ಟು ದೂರ ನಡೆಯುತ್ತದೆ ನೋಡಿ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಒಂದೇ ಅಚ್ಚಿನ ಆರು ಗಿಟಾರುಗಳು. ಹಿಂಬದಿ ಮತ್ತು ಪಕ್ಕದ ಹಲಗೆಗಳ ಮರ ಮಾತ್ರ ಬೇರೆ ಬೇರೆ: ಬ್ರೆಜಿಲ್ ರೋಸ್‌ವುಡ್, ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್‌ನಟ್. 52 ಮಂದಿ ವಾದಕರನ್ನು ಮಬ್ಬು ಬೆಳಕಿನಲ್ಲಿ ಕೂರಿಸಿ, ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ ನುಡಿಸಲು ಕೊಟ್ಟರು. ಆರಕ್ಕೂ ಬಂದ ಅಂಕ ಹೆಚ್ಚುಕಡಿಮೆ ಒಂದೇ. ಅತಿ ದುಬಾರಿ ಬ್ರೆಜಿಲ್ ಮರಕ್ಕೂ ಉಳಿದವಕ್ಕೂ ನಡುವೆ ಹೇಳಿಕೊಳ್ಳುವಂಥ ಅಂತರ ಯಾರ ಕಿವಿಗೂ ಸಿಗಲಿಲ್ಲ. ಕಣ್ಣು ಕಟ್ಟಿದ ಮೇಲೆ ಅಕೂಸ್ಟಿಕ್‌ನಲ್ಲೇ ಕಥೆ ಹೀಗಾದರೆ, ಗಟ್ಟಿ ಹಲಗೆಯ ಮೇಲೆ ಅಂಟಿಸಿದ ಕೆಲವೇ ಮಿಲಿಮೀಟರ್ ಮೇಪಲ್‌ನ ಚಿತ್ತಾರ ದನಿಯನ್ನು ಬದಲಿಸುತ್ತದೆ ಎನ್ನುವುದನ್ನು ನಾನು ಹೇಗೆ ಒಪ್ಪಲಿ?

ಈ ವಿಷಯದಲ್ಲಿ ನನಗೆ ಪುರಾಣದಷ್ಟೇ ಪ್ರಿಯವಾದ ಕಥೆ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಅವರ ‘ಲಾಗ್’ನದು. ಎಷ್ಟು ಸಲ ಹೇಳಿದರೂ ಹಳತಾಗದ ಕಥೆ, ಇವತ್ತು ಪೂರ್ತಿ ಹೇಳಿಬಿಡುತ್ತೇನೆ. 1940ರ ಸುಮಾರು. ಟೊಳ್ಳು ಹೊಟ್ಟೆಯ ಗಿಟಾರಿಗೆ ಪಿಕಪ್ ಹಾಕಿದರೆ ಆಂಪ್ಲಿಫೈಯರ್ ಜೋರು ಮಾಡಿದ ಕೂಡಲೇ ಊಳಿಡುತ್ತಿದ್ದ ಕಾಲ. ಹೊಟ್ಟೆ ನಡುಗುವುದೇ ಊಳಿಗೆ ಕಾರಣ, ಹಾಗಾದರೆ ಹೊಟ್ಟೆಯೇ ಬೇಡ ಎಂದು ಲೆಸ್ ಪಾಲ್ ಲೆಕ್ಕ ಹಾಕಿದರು. ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ಭಾನುವಾರದ ರಜೆಯಲ್ಲಿ ಕೂತು, ನಾಲ್ಕಿಂಚು ದಪ್ಪ ನಾಲ್ಕಿಂಚು ಅಗಲದ ಪೈನ್ ತೊಲೆಗೆ ನೆಕ್ ಜೋಡಿಸಿ, ಪಿಕಪ್ ಕೂರಿಸಿ, ತಂತಿ ಬಿಗಿದರು. ಊಳು ನಿಂತಿತು, ಸ್ವರ ಬಹಳ ಹೊತ್ತು ನಿಲ್ಲತೊಡಗಿತು. ಬಯಸಿದ್ದೆಲ್ಲ ಸಿಕ್ಕಿತ್ತು. ಅದನ್ನು ಹಿಡಿದು ಜನರ ಮುಂದೆ ನುಡಿಸಿದರೆ ಜನ ಸುಮ್ಮನೆ ಕೂತರು. ತೊಲೆಯೊಂದನ್ನು ಮಡಿಲಲ್ಲಿಟ್ಟುಕೊಂಡ ಮನುಷ್ಯ ಅವರಿಗೆ ವಾದಕನಾಗಿ ಕಾಣಲಿಲ್ಲ. ಆಗ ಲೆಸ್ ಪಾಲ್ ಒಂದು ಎಪಿಫೋನ್ ಗಿಟಾರಿನ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನು ತೊಲೆಯ ಎಡಬಲಕ್ಕೆ ರೆಕ್ಕೆಯ ಹಾಗೆ ಸಿಕ್ಕಿಸಿದರು. ದನಿ ಬರುತ್ತಿದ್ದದ್ದು ನಡುವಿನ ತೊಲೆಯಿಂದಲೇ. ಆದರೆ ಈಗ ಅದು ಗಿಟಾರಿನ ಹಾಗೆ ಕಾಣುತ್ತಿತ್ತು. ಜನ ಮೆಚ್ಚಿದರು. ಕೇಳುಗರು ಕಣ್ಣಿನಿಂದಲೂ ಕೇಳುತ್ತಾರೆ ಎಂಬ ಪಾಠವನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು.

ಗಿಬ್ಸನ್ ಕಂಪನಿ ಮೊದಮೊದಲು ಈ ತೊಲೆಯನ್ನು ಕಂಡು ನಕ್ಕಿತ್ತು. 1950ರಲ್ಲಿ ಫೆಂಡರ್ ಕಂಪನಿ ಗಟ್ಟಿ ಹಲಗೆಯ ಗಿಟಾರನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ನಗು ನಿಂತಿತು. 1952ರಲ್ಲಿ ಲೆಸ್ ಪಾಲ್ ಹೆಸರಿನ ಗಿಟಾರು ಹೊರಬಂತು. ಮಹಾಗನಿಯ ಮೇಲೆ ಮೇಪಲ್, ಮೇಪಲ್‌ನ ಮೇಲೆ ಒಳಗಿನದೇನೂ ಕಾಣದ ಚಿನ್ನದ ಬಣ್ಣ. 1957ರಲ್ಲಿ ಅದಕ್ಕೆ ಹಂಬಕರ್ ಎಂಬ ಎರಡು ಸುರುಳಿಯ ಪಿಕಪ್ ಬಂತು. 1958ರಲ್ಲಿ, ಮಾರಾಟ ಕುಸಿದಾಗ, ಚಿನ್ನದ ಬಣ್ಣ ಹೋಗಿ ಅಂಚಿಗೆ ಕೆಂಪು, ನಡುವೆ ಹಳದಿಯ ಪಾರದರ್ಶಕ ಸನ್‌ಬರ್ಸ್ಟ್ ಬಂತು. ಕೆಳಗಿನ ಮೇಪಲ್ ಕಾಣತೊಡಗಿದ್ದು ಆಗಲೇ. ಕೆಲವು ಹಲಗೆಗಳಲ್ಲಿ ಪಟ್ಟೆ ಧಾರಾಳ, ಕೆಲವು ಬೋಳು. ಆರಿಸಿ ಹಾಕುವ ಪದ್ಧತಿ ಇರಲಿಲ್ಲ, ಕೈಗೆ ಬಂದ ಹಲಗೆ ಕೂರುತ್ತಿತ್ತು. ಅಷ್ಟು ಮಾಡಿದರೂ ಗಿರಾಕಿಗಳು ತಿರುಗಿ ನೋಡಲಿಲ್ಲ, 1960ರ ಬಳಿಕ ಕಂಪನಿ ಆಕಾರವನ್ನೇ ಬದಲಿಸಿತು.

ಇವತ್ತು ಆ ಮೂರು ವರ್ಷಗಳ ‘ಬರ್ಸ್ಟ್’ ಗಿಟಾರುಗಳು ಲಕ್ಷಾಂತರ ಡಾಲರಿಗೆ ಕೈ ಬದಲಿಸುತ್ತವೆ, ಪಟ್ಟೆ ದಟ್ಟವಾಗಿದ್ದರೆ ಇನ್ನೂ ಮೇಲೆ. 1957ರ ಹಂಬಕರ್ ಗೋಲ್ಡ್‌ಟಾಪ್‌ಗೂ 1958ರ ಬರ್ಸ್ಟ್‌ಗೂ ಒಳಗಿನ ಮರ, ಪಿಕಪ್, ಕಟ್ಟುವ ಕ್ರಮ ಎಲ್ಲ ಒಂದೇ. ಬೆಲೆಯಲ್ಲಿ ಮಾತ್ರ ಭಾರಿ ಅಂತರ. ಆ ಅಂತರ ಪೂರ್ತಿ ಕಣ್ಣಿನದು. ಗಿಟಾರ್ ವಾದಕ ಪೀಟರ್ ಗ್ರೀನ್ ಅವರ 1959ರ ಬರ್ಸ್ಟ್ ದನಿಗೆ ಜಗತ್ತು ಮರುಳಾಯಿತಲ್ಲ, ಅದರ ಗುಟ್ಟು ನೆಕ್ ಪಿಕಪ್‌ನೊಳಗೆ ಉಲ್ಟಾ ಕೂತಿದ್ದ ಅಯಸ್ಕಾಂತ. ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗ ಬರುವ ಆ ಟೊಳ್ಳು, ಮೂಗಿನ ದನಿ ಪಟ್ಟೆಯಿಂದ ಬಂದದ್ದಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಾಳೆಯದವರಿಗೂ ಒಂದು ಮಾತು ಹೇಳಬೇಕು. ದನಿಗೆ ಸಂಬಂಧವಿಲ್ಲದ ಚೆಂದಕ್ಕೆ ದುಡ್ಡು ಕೊಡುವವನು ಮೂರ್ಖ ಎನ್ನುವ ಲೆಕ್ಕಾಚಾರಸ್ಥರು ಇವರು. ಇವರಲ್ಲಿ ಒಬ್ಬರೂ ವೀಣೆಯನ್ನು ಸರಿಯಾಗಿ ನೋಡಿಲ್ಲ. ಹಲಸಿನ ಮರದ ಕೊಡ, ದಂಡಿ ಮುಗಿಯುವಲ್ಲಿ ಬಾಯ್ದೆರೆದ ಯಾಳಿ ಮುಖ, ಅಂಚಿನುದ್ದಕ್ಕೂ ಒಂದು ಕಾಲಕ್ಕೆ ದಂತ, ಈಗ ಪ್ಲಾಸ್ಟಿಕ್ಕಿನ ಚಿತ್ತಾರ ಪಟ್ಟಿ. ಯಾಳಿಯ ಕೋರೆಹಲ್ಲಿನಿಂದ ನಾದ ಹೆಚ್ಚುತ್ತದೆ ಎಂದು ಯಾವ ವೈಣಿಕರೂ ಹೇಳಿದ್ದಿಲ್ಲ. ಅದನ್ನು ಕತ್ತರಿಸಿ ಹಾಕಿ ಎಂದೂ ಯಾರೂ ಹೇಳಿದ್ದಿಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಕಂಡ ಊರು ನಮ್ಮದು. ಪರದೆ, ಪೋಷಾಕು, ಬೆಳಕು ಇಲ್ಲದ ನಾಟಕಕ್ಕೆ ದಾವಣಗೆರೆಯ ಜನ ಟಿಕೆಟ್ ತಗೊಳ್ಳುವವರಲ್ಲ. ದಿನಾ ಸಂಜೆ ಕೈಗೆತ್ತಿಕೊಳ್ಳಬೇಕು ಅನ್ನಿಸುವ ಗಿಟಾರು ಬೇಗ ಕಲಿಸುತ್ತದೆ. ಮೂಲೆಯಲ್ಲಿ ನಿಂತಿದ್ದರೂ ಕರೆಯುವ ಗಿಟಾರನ್ನು ಹುಡುಗ ಹೆಚ್ಚು ಹೊತ್ತು ನುಡಿಸುತ್ತಾನೆ. ಅಷ್ಟರ ಮಟ್ಟಿಗೆ ಚೆಂದದಿಂದ ಸಂಗೀತಕ್ಕೆ ಲಾಭವೇ. ಚೆಂದಕ್ಕೆ ಚೆಂದವೇ ಕಾರಣ ಸಾಕು, ನಾದದ ನೆಪ ಬೇಡ.

ಈಗ ಆ ಪಟ್ಟೆಯನ್ನೇ ಹತ್ತಿರದಿಂದ ನೋಡೋಣ. ಮೇಪಲ್ ಮರದ ನಾರು ನೆಟ್ಟಗೆ ಬೆಳೆಯದೆ ಅಲೆ ಅಲೆಯಾಗಿ ಬೆಳೆದಿದ್ದರೆ, ಹಲಗೆ ಕೊಯ್ದಾಗ ಕೆಲವು ಕಡೆ ನಾರಿನ ಮೈ ನಮ್ಮತ್ತ ಇರುತ್ತದೆ, ಕೆಲವು ಕಡೆ ನಾರಿನ ತುದಿ. ಮೈ ಬೆಳಕನ್ನು ವಾಪಸ್ ಎಸೆಯುತ್ತದೆ, ತುದಿ ಬೆಳಕನ್ನು ನುಂಗುತ್ತದೆ. ಬಿಳುಪು ಕಪ್ಪು ಪಟ್ಟೆ ಹುಟ್ಟುವುದು ಹೀಗೆ. ಗಿಟಾರನ್ನು ತುಸು ವಾಲಿಸಿದರೆ ನೋಟದ ಕೋನ ಬದಲಾಗಿ ಬೆಳ್ಳಗಿದ್ದದ್ದು ಕಪ್ಪಾಗುತ್ತದೆ, ಕಪ್ಪಗಿದ್ದದ್ದು ಬೆಳಗುತ್ತದೆ, ಪಟ್ಟೆಗಳು ಮೈಮೇಲೆ ಹರಿದಾಡಿದಂತೆ ಕಾಣುತ್ತವೆ. ಒಂದೇ ಹಲಗೆಯನ್ನು ಸೀಳಿ ಪುಸ್ತಕ ತೆರೆದಂತೆ ಎರಡು ಬದಿಗೆ ಜೋಡಿಸಿದಾಗ ಒಂದು ಬದಿ ಮಂಕಾಗಿ ಇನ್ನೊಂದು ಹೊಳೆಯುವುದೂ ಇದೇ ಕಾರಣಕ್ಕೆ. ಅದು ಜೋಡಣೆಯ ದೋಷವಲ್ಲ, ನಿಜವಾದ ಮರದ ಗುರುತು.

ನಿಜ ಮರವೋ ಅಲ್ಲವೋ ತಿಳಿಯುವ ಪರೀಕ್ಷೆಯೂ ಇದರಲ್ಲೇ ಇದೆ. ಅಗ್ಗದ ಗಿಟಾರುಗಳಲ್ಲಿ ಮೇಪಲ್ ಎಂದರೆ ಕಾಗದದಷ್ಟು ತೆಳುವಾದ ವಿನಿಯರ್, ಇಲ್ಲವೇ ಮೇಪಲ್‌ನ ಫೋಟೊ. 1990ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ಕೆಲವು ಫೆಂಡರ್ ಗಿಟಾರುಗಳು ‘ಫೋಟೊ ಫ್ಲೇಮ್’ ಎಂದು ಹೆಸರು ಹೇಳಿಕೊಂಡೇ ಚಿತ್ರ ಹೊತ್ತು ಬಂದಿದ್ದವು. ಮೊಬೈಲ್ ಟಾರ್ಚ್ ಹಾಕಿ ಗಿಟಾರನ್ನು ನಿಧಾನ ವಾಲಿಸಿ. ಪಟ್ಟೆ ಹರಿದಾಡಿದರೆ ಮರ, ಇದ್ದಲ್ಲೇ ಇದ್ದರೆ ಚಿತ್ರ. ವಿನಿಯರ್ ಆದರೂ ಅವಮಾನವೇನಿಲ್ಲ, ನೋಟಕ್ಕೆ ಅಷ್ಟು ಸಾಕು. ಚಿತ್ರಕ್ಕೆ ಮಾತ್ರ ಮರದ ಬೆಲೆ ಕೊಡಬೇಡಿ. ಹತ್ತಾರು ಎಲೆಕ್ಟ್ರಿಕ್ ಗಿಟಾರುಗಳನ್ನು ಸಾಲಾಗಿ ತೂಗುಹಾಕಿದ ಅಂಗಡಿ ಬೇಕೆಂದರೆ ನಾವು ಬೆಂಗಳೂರಿಗೇ ಹೋಗಬೇಕು. ಹಾಗಾಗಿ ನಮ್ಮ ಹುಡುಗರು ಫೋನಿನಲ್ಲಿ ಫೋಟೊ ನೋಡಿ ಆರ್ಡರ್ ಮಾಡುತ್ತಾರೆ. ಫೋಟೊದಲ್ಲಿರುವ ಹಲಗೆ ಸ್ಟುಡಿಯೊ ಬೆಳಕಿನಲ್ಲಿ ನಿಂತ ಸುಂದರಾಂಗ, ಮನೆಗೆ ಬರುವುದು ಅವನ ತಮ್ಮ. ಸಾಧ್ಯವಾದರೆ ಕಳಿಸುವ ಗಿಟಾರಿನದೇ ಫೋಟೊ ಕೇಳಿ ತರಿಸಿಕೊಳ್ಳಿ.

ಷರತ್ತಿನ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಸಾಮಿಲ್ ಪಕ್ಕದ ಬಡಗಿಯೊಬ್ಬರು ಹಲಗೆಯ ಮೇಲೆ ಅಂಗೈಯಿಂದ ನೀರು ಚಿಮುಕಿಸಿ ಎಳೆ ತೋರಿಸುತ್ತಾ ಹೇಳುವ ಮಾತು: “ನೋಡ್ರಿ ಸರ, ಬಾಗ್ಲು ಹಲಗಿಗೆ ಹೂ ಇದ್ರೆ ಚೆಂದ. ಕುರ್ಚಿ ಕಾಲಿಗೆ ಮಾತ್ರ ಎಳಿ ನೆಟ್ಟಗೇ ಇರ್ಬೇಕು.” ಎಲೆಕ್ಟ್ರಿಕ್ ಗಿಟಾರ್ ಆರಿಸುವ ಶಾಸ್ತ್ರವೆಲ್ಲ ಈ ಎರಡು ವಾಕ್ಯದಲ್ಲಿದೆ. ಹೊಟ್ಟೆ ಬಾಗಿಲ ಹಲಗೆ, ಕುತ್ತಿಗೆ ಕುರ್ಚಿಯ ಕಾಲು. ಹೊಟ್ಟೆಯ ಮೇಲೆ ಎಷ್ಟು ಚಿತ್ತಾರವಾದರೂ ಇರಲಿ, ಅದು ಭಾರ ಹೊರುವುದಿಲ್ಲ. ಆರು ತಂತಿಗಳ ಎಳೆತವನ್ನು ಹಗಲೂ ರಾತ್ರಿ ತಡೆಯುವುದು ನೆಕ್. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಒಣಗಿ, ಆಷಾಢದ ತೇವಕ್ಕೆ ಉಬ್ಬುವುದೂ ಅದೇ. ಫ್ರೆಟ್‌ಬೋರ್ಡಿನ ಕೆಲವು ಸ್ವರಗಳು ಮೀಟಿದ ಕೂಡಲೇ ಸತ್ತುಹೋಗುತ್ತವಲ್ಲ, ಆ ಕಂಪನವನ್ನು ನುಂಗುವುದೂ ಹೆಚ್ಚಾಗಿ ನೆಕ್. ಮರದ ಗುಣ ದನಿಗೆ ಮುಟ್ಟುವುದಿದ್ದರೆ ಇಲ್ಲಿ ಮುಟ್ಟುತ್ತದೆ.

ಗಿಟಾರನ್ನು ತಿರುಗಿಸಿ ನೆಕ್‌ನ ಬೆನ್ನು ನೋಡಿ. ಎಳೆಗಳು ತುದಿಯ ಹೆಡ್‌ಸ್ಟಾಕ್‌ನಿಂದ ಬಾಡಿಯವರೆಗೆ ನೆಟ್ಟಗೆ ಓಡಿದ್ದರೆ ಒಳ್ಳೆಯದು. ಬೆನ್ನಿನ ಮೇಲೆ ಬೆಟ್ಟದ ತುದಿಯಂಥ ಕಮಾನುಗಳಿದ್ದರೆ ಹಲಗೆಯನ್ನು ಚಪ್ಪಟೆಯಾಗಿ ಕೊಯ್ದಿದ್ದಾರೆ ಎಂದರ್ಥ, ಅದರಲ್ಲೂ ತಪ್ಪಿಲ್ಲ. ಫೆಂಡರ್‌ನ ಎಷ್ಟೋ ಪ್ರಸಿದ್ಧ ನೆಕ್‌ಗಳು ಹಾಗೇ ಇವೆ. ತಪ್ಪು ಇರುವುದು ಎಳೆಗಳು ಪಕ್ಕದಿಂದ ಓರೆಯಾಗಿ ಹೊರಗೋಡಿದಾಗ. ಅಲ್ಲಿ ನಾರು ತುಂಡು ತುಂಡಾಗಿರುತ್ತದೆ, ಹವೆ ಬದಲಾದಂತೆ ನೆಕ್ ತಿರುಚಿಕೊಳ್ಳುತ್ತದೆ. ನೆಕ್ ಒಳಗಿನ ಲೋಹದ ಸರಳು, ಟ್ರಸ್ ರಾಡ್, ಬಾಗನ್ನು ತಿದ್ದುತ್ತದೆ, ತಿರುಚನ್ನು ತಿದ್ದಲಾರದು. ಹೊಟ್ಟೆಯ ಮೇಲೆ ಮನಸೆಳೆಯುವ ಅದೇ ಹುಲಿಪಟ್ಟೆ ನೆಕ್‌ನಲ್ಲಿದ್ದರೆ ನಾನು ಇನ್ನೊಂದು ಸಲ ನೋಡುತ್ತೇನೆ, ಅಲೆಯಾಗಿ ಬೆಳೆದ ನಾರು ನೆಟ್ಟ ನಾರಿನಷ್ಟು ನಂಬಿಗಸ್ಥವಲ್ಲ.

ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿದ ಗಿಟಾರುಗಳಲ್ಲಿ, ತಂತಿಗಳು ಹೆಡ್‌ಸ್ಟಾಕಿಗೆ ದಾಟುವಲ್ಲಿರುವ ನಟ್‌ನ ಹಿಂಭಾಗದ ಎಳೆಯನ್ನೂ ನೋಡಬೇಕು. ಗಿಬ್ಸನ್‌ನಲ್ಲಿ ನೆಕ್ ಮತ್ತು ಹೆಡ್‌ಸ್ಟಾಕ್ ಒಂದೇ ಮರದ ತುಂಡಿನಿಂದ ಬರುತ್ತವೆ. ವಾಲಿದ ಭಾಗದಲ್ಲಿ ಎಳೆ ಗಿಡ್ಡವಾಗಿ ಅಡ್ಡ ಕತ್ತರಿಸಿ ಹೋಗುತ್ತದೆ. ಸ್ಟ್ಯಾಂಡಿನಿಂದ ಒಂದು ಸಲ ಹಿಂದಕ್ಕೆ ಬಿದ್ದರೆ ಆ ಗಿಟಾರುಗಳು ಮುರಿಯುವುದು ಅಲ್ಲಿಯೇ. ಕಡಿಮೆ ಬೆಲೆಯ ಎಷ್ಟೋ ಗಿಟಾರುಗಳಲ್ಲಿ ಆ ಜಾಗದಲ್ಲಿ ಒಂದು ಓರೆ ಗೆರೆ ಕಾಣುತ್ತದೆ. ತುಂಡು ಜೋಡಿಸಿದ್ದಾರೆ, ಮೋಸ ಎಂದು ಗಿರಾಕಿಗಳು ವಾಪಸ್ ಕಳಿಸುತ್ತಾರೆ. ಅದು ಮೋಸವಲ್ಲ. ಹೆಡ್‌ಸ್ಟಾಕಿನ ಉದ್ದಕ್ಕೂ ಎಳೆ ನೆಟ್ಟಗೆ ಓಡಲೆಂದೇ ಮಾಡಿದ ಓರೆ ಬೆಸುಗೆ, ಒಂದೇ ತುಂಡಿಗಿಂತ ಅದು ಗಟ್ಟಿ. ನೋಟಕ್ಕೆ ಕುಂದು ಅನ್ನಿಸುವ ಗೆರೆಯೇ ಇಲ್ಲಿ ಗುಣ.

ಕುತ್ತಿಗೆಯ ಮಾತು ಬಂದ ಮೇಲೆ ನನಗೆ ಹುಚ್ಚು ಹಿಡಿಸಿದ ವಿಷಯ ಬಿಡಲಾರೆ. ನೆಕ್‌ನ ಮುಂಭಾಗದ ಆ ಕಪ್ಪು ಪಟ್ಟಿ, ಫ್ರೆಟ್‌ಬೋರ್ಡ್. ಫೆಂಡರ್ ಗಿಟಾರುಗಳಿಗೆ ಮೊದಲು ಮೇಪಲ್ ಫ್ರೆಟ್‌ಬೋರ್ಡೇ ಇತ್ತು. ಬೆರಳಿನ ಬೆವರಿಗೆ ಮೆರುಗು ಸವೆದು ಕೊಳೆ ಹಿಡಿದ ಹಾಗೆ ಕಾಣುತ್ತಿತ್ತು. 1958ರಲ್ಲಿ ಜಾಝ್‌ಮಾಸ್ಟರ್‌ಗೆ, 1959ರ ಹೊತ್ತಿಗೆ ಉಳಿದವಕ್ಕೂ ರೋಸ್‌ವುಡ್ ಬಂತು. ಅದೂ ನೋಟದ ತೀರ್ಮಾನವೇ. ಆಗ ಬ್ರೆಜಿಲ್ ರೋಸ್‌ವುಡ್ಡಿಗೆ ರಾಜಮರ್ಯಾದೆ. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ ತಿರುಗಿತು. 1992ರಲ್ಲಿ ಬ್ರೆಜಿಲ್ ಮರ, ಅಪಾಯದಲ್ಲಿರುವ ಸಸ್ಯ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿ ಸೇರಿ ವ್ಯಾಪಾರ ಬಹುತೇಕ ನಿಂತೇಹೋಯಿತು. ಬ್ರೆಜಿಲ್ ಮರದ ಜಾಗದಲ್ಲಿ ಜಗತ್ತಿನ ಗಿಟಾರುಗಳ ಕುತ್ತಿಗೆಯ ಮೇಲೆ ಕೂತದ್ದು ಬೀಟೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಕಾಡು ಮತ್ತು ಕಾಫಿ ತೋಟಗಳಲ್ಲಿ ನಿಂತಿರುವ, ಮಲೆನಾಡಿನ ಮನೆಗಳ ಮಂಚ ಪೆಟ್ಟಿಗೆಗಳಾದ ಅದೇ ಜಾತಿಯ ಮರ.

ಬೀಟೆಯ ಎಳೆ ಹುಲಿಪಟ್ಟೆಯಂತೆ ಕೂಗಿ ಕರೆಯುವುದಿಲ್ಲ. ಹೊಸದಾಗಿ ಕೀಸಿದಾಗ ನೇರಳೆ ಬೆರೆತ ಕಂದು, ವರ್ಷ ಕಳೆದಂತೆ ಗಾಢ ಕಂದು. ಉದ್ದಕ್ಕೆ ಮಸಿ ಬಣ್ಣದ ಎಳೆಗಳು, ನಡುನಡುವೆ ಬರಿಗಣ್ಣಿಗೇ ಕಾಣುವ ಸಣ್ಣ ರಂಧ್ರಗಳು. ಎಣ್ಣೆಯಂಶದ ಮರವಾದ್ದರಿಂದ ಮೇಲೆ ಮೆರುಗು ಬಳಿಯಬೇಕಿಲ್ಲ, ಬೆರಳಿಗೆ ಮರವೇ ಸಿಗುತ್ತದೆ.

ಈ ಮರಕ್ಕಾಗಿ ದೊಡ್ಡ ರಂಪಗಳೇ ಆಗಿವೆ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಭಾರತದಿಂದ ಬಂದಿದ್ದ ಬೀಟೆ, ಎಬೊನಿ ಪಟ್ಟಿಗಳನ್ನು ಹೊತ್ತೊಯ್ದರು. ಕೊಯ್ದ ಮರ ಇಷ್ಟು ದಪ್ಪವಿದ್ದರೆ ಭಾರತದ ಕಾನೂನಿನಂತೆ ರಫ್ತಿಗೆ ಅವಕಾಶವಿಲ್ಲ ಎಂಬುದು ತಕರಾರು. 2012ರ ರಾಜಿಯಲ್ಲಿ ಗಿಬ್ಸನ್ ಮಡಗಾಸ್ಕರ್ ಎಬೊನಿಯ ಹಳೆಯ ಪ್ರಕರಣಕ್ಕೆ 3 ಲಕ್ಷ ಡಾಲರ್ ದಂಡ ಕಟ್ಟಿತು, ಭಾರತದ ಮರ ಅದಕ್ಕೆ ವಾಪಸ್ ಸಿಕ್ಕಿತು. 2017ರ ಜನವರಿಯಲ್ಲಿ ಉಳಿದ ರೋಸ್‌ವುಡ್ ಕುಲವೆಲ್ಲ ಸೈಟಿಸ್ ಎರಡನೇ ಪಟ್ಟಿಗೆ ಸೇರಿದಾಗ ಗಿಟಾರುಗಳಿಗೂ ಪರವಾನಗಿ ಬೇಕಾಯಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರ್ ಕೊನೆಗೆ. ಇತ್ತ ಕರ್ನಾಟಕದಲ್ಲಿ ಸ್ವಂತ ತೋಟದ ಬೀಟೆ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ನಿಧಾನ ಬೆಳೆಯುವ, ಅಳಿವಿನ ಅಂಚಿನತ್ತ ಸರಿಯುತ್ತಿರುವ ಮರಕ್ಕೆ ಆ ಕಾವಲು ಸರಿಯಾದದ್ದೇ.

ಆ ಸುಮಾರು ಮೂರು ವರ್ಷಗಳ ಗೊಂದಲದಲ್ಲಿ ಕಂಪನಿಗಳು ಬೇರೆ ಮರ ಹುಡುಕಿದವು. ಸ್ಕ್ವಾಯರ್, ಎಪಿಫೋನ್ ಗಿಟಾರುಗಳ ವಿವರದಲ್ಲಿ ‘ಇಂಡಿಯನ್ ಲಾರೆಲ್’ ಎಂದಿರುವುದನ್ನು ಹುಡುಗರು ಓದಿರುತ್ತಾರೆ, ರೋಸ್‌ವುಡ್ ಅಲ್ಲ ಎಂದು ಮೂಗು ಮುರಿದಿರುತ್ತಾರೆ. ಅದು ನಮ್ಮ ಮತ್ತಿ ಮರ. ಮೊಸಳೆ ಚರ್ಮದಂತೆ ಸೀಳಿದ ತೊಗಟೆಯ, ಭದ್ರಾ ಕಾಡಿನಲ್ಲೂ ದಾಂಡೇಲಿಯಲ್ಲೂ ಹೇರಳವಾಗಿರುವ, ತಲೆಮಾರುಗಳಿಂದ ನಮ್ಮ ಮನೆಗಳ ತೊಲೆ ಕಂಬಗಳಾದ ಮತ್ತಿ. ಅದರ ಎಳೆ ಬೀಟೆಗಿಂತ ಒರಟು, ಬಣ್ಣ ತುಸು ಮಾಸಲು. ಗಟ್ಟಿತನದಲ್ಲಿ ಹೆದರಬೇಕಿಲ್ಲ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಜಿಲ್ಲೆಯ ಹುಡುಗ ಮತ್ತಿಯ ಫ್ರೆಟ್‌ಬೋರ್ಡಿಗೆ ಮೂಗು ಮುರಿಯಬಾರದು.

ಆದ್ದರಿಂದ ಗಿಟಾರ್ ಕೊಳ್ಳುವ ಮನೆಗಳಿಗೆ ನನ್ನ ವಿನಂತಿ ಇಷ್ಟು. ಮೊದಲು ಕುತ್ತಿಗೆ ನೋಡಿ: ಎಳೆ ನೆಟ್ಟಗಿದೆಯೇ, ನೆಕ್ ತಿರುಚಿದೆಯೇ, ಫ್ರೆಟ್‌ಬೋರ್ಡ್ ಯಾವ ಮರದ್ದು ಎಂದು ಅಂಗಡಿಯವರನ್ನು ಕೇಳಿ. ಅದು ಪಾಸಾದರೆ ಹೊಟ್ಟೆಯ ಆಯ್ಕೆಯನ್ನು ಮಕ್ಕಳ ಕಣ್ಣಿಗೆ ಬಿಡಿ, ಪಟ್ಟೆ ಬೇಕೆಂದರೆ ಪಟ್ಟೆಯನ್ನೇ ಕೊಡಿಸಿ. ಆ ಹೆಚ್ಚಿನ ದುಡ್ಡು ಕೊಟ್ಟದ್ದು ಚೆಂದಕ್ಕೆ ಎಂಬುದು ನೆನಪಿರಲಿ. ದನಿಗೆಂದು ಖರ್ಚು ಮಾಡುವ ಮನಸ್ಸಿದ್ದರೆ ಅದನ್ನು ಪಿಕಪ್‌ಗೆ, ಆಂಪ್ಲಿಫೈಯರ್‌ಗೆ, ಒಳ್ಳೆಯ ಗುರುವಿಗೆ ಕೊಡಿ.